ಕ್ರೈಸ್ತ ಸಭೆಯ ಸೇವೆಯಲ್ಲಿ ಎಐ: ಬಳಸುವ ಕ್ರಮ ಹೇಗೆ?

2022ರ ನವೆಂಬರ್ 30ರಂದು, ಕೇಳಿದ್ದನ್ನು ಬರೆದುಕೊಡುವ ಎಐ (ಕೃತಕ ಬುದ್ಧಿಮತ್ತೆ) ಚಾಟ್‌ಬಾಟ್ ಚಾಟ್‌ಜಿಪಿಟಿ ಜನರ ಕೈಗೆ ಬಂತು. ಮರುವರ್ಷದ ಜೂನ್ ತಿಂಗಳಲ್ಲೇ ಜರ್ಮನಿಯ ಫ್ಯೂರ್ತ್ ನಗರದ ಸಂತ ಪೌಲರ ಚರ್ಚಿನಲ್ಲಿ, ಪ್ರಸಂಗದಿಂದ (ಧರ್ಮೋಪದೇಶದಿಂದ) ಆಶೀರ್ವಾದದವರೆಗೆ ಬಹುಪಾಲು ಯಂತ್ರವೇ ಸಿದ್ಧಪಡಿಸಿದ ಆರಾಧನೆಯೊಂದು ನಡೆಯಿತು. 300ಕ್ಕೂ ಹೆಚ್ಚು ಮಂದಿ ಸೇರಿದ್ದ ಆ ಆರಾಧನೆಯನ್ನು ಪರದೆಯ ಮೇಲಿನ ಕೃತಕ ಮುಖಗಳು ನಡೆಸಿಕೊಟ್ಟವು. ಅದು ಬಹಿರಂಗ ಪ್ರಯೋಗ. ತಾವು ಕೇಳುತ್ತಿರುವುದು ಯಾರ ಮಾತನ್ನು ಎಂಬುದು ಬಂದವರಿಗೆ ಗೊತ್ತಿತ್ತು. ಹೆಚ್ಚು ಎಚ್ಚರ ಬೇಕಾಗಿರುವುದು ಸದ್ದಿಲ್ಲದೆ ನಡೆಯುವ ಬಳಕೆಯ ವಿಷಯದಲ್ಲಿ: ಶನಿವಾರ ರಾತ್ರಿ ಮೊಬೈಲಿನಲ್ಲಿ ಬರೆಸಿಕೊಂಡ ಪ್ರಸಂಗ, ಯಾರನ್ನೂ ಕೇಳದೆ ಚಾಟ್‌ಬಾಟ್‌ಗೆ ಒಪ್ಪಿಸಿದ ಪ್ರಾರ್ಥನಾ ವಿಜ್ಞಾಪನೆಗಳ ಪಟ್ಟಿ, ಪರಿಶೀಲಿಸದೆ ಸಂಡೇ ಸ್ಕೂಲ್ ಮಕ್ಕಳ ಮುಂದಿಟ್ಟ ಪಾಠ. ಎಐ ಬೇಕೇ ಬೇಡವೇ ಎಂದು ಸಭಾ ಸಮಿತಿ ಚರ್ಚಿಸುವ ಹೊತ್ತಿಗೆ ಅದು ಒಳಗೆ ಬಂದಾಗಿರುತ್ತದೆ. ಆದ್ದರಿಂದ ಬಳಕೆಗೆ ಒಂದು ಕ್ರಮ ಹಾಕಿಕೊಳ್ಳುವುದೇ ಮೇಲು.

ಮೊದಲು ಕೆಲಸಗಳನ್ನು ಬೇರ್ಪಡಿಸಿ

ಸಭಾಪಾಲಕರು, ಹಿರಿಯರು, ಸಂಡೇ ಸ್ಕೂಲ್ ಶಿಕ್ಷಕರು ಮತ್ತು ಕಚೇರಿ ನೋಡಿಕೊಳ್ಳುವವರು ಒಟ್ಟಿಗೆ ಕುಳಿತು, ವಾರವಿಡೀ ಸಭೆಯಲ್ಲಿ ನಡೆಯುವ ಕೆಲಸಗಳನ್ನು ಬರೆದುಕೊಳ್ಳಬೇಕು. ಪ್ರತಿಯೊಂದರ ಎದುರಿಗೂ ಎರಡು ಪ್ರಶ್ನೆಗಳನ್ನು ಹಾಕಿ: ಯಂತ್ರ ಕೊಟ್ಟದ್ದು ಸರಿಯೇ ಎಂದು ನಮ್ಮಲ್ಲಿ ಯಾರಾದರೂ ಪರೀಕ್ಷಿಸಬಲ್ಲರೇ? ತಪ್ಪಾದರೆ ಯಾರು ಉತ್ತರ ಕೊಡುತ್ತಾರೆ? ಪ್ರಕಟಣೆಗಳ ಕರಡು, ಸಮಿತಿಯ ನಡಾವಳಿಯ ಸಾರಾಂಶ, ಸ್ವಯಂಸೇವಕರ ಸರದಿ ಪಟ್ಟಿ ಇವೆಲ್ಲ ಸುಲಭವಾಗಿ ಪಾಸಾಗುತ್ತವೆ. ಇವನ್ನು ಎಐಗೆ ಕೊಟ್ಟು, ಉಳಿದ ಸಮಯದಲ್ಲಿ ಸಭಾಪಾಲಕರು ಎರಡು ಮನೆಗಳ ಭೇಟಿ ಹೆಚ್ಚಾಗಿ ಮಾಡುವಂತಾದರೆ ಅದು ಲಾಭವೇ. ಪ್ರಸಂಗ ಮತ್ತು ಬೋಧನೆ ಷರತ್ತಿನ ಮೇಲೆ ಪಾಸಾಗುತ್ತವೆ. ಆಪ್ತ ಸಮಾಲೋಚನೆ, ಪಾಪನಿವೇದನೆ, ಸಭಾ ಶಿಸ್ತಿನ ತೀರ್ಮಾನಗಳು ಪಾಸಾಗುವುದಿಲ್ಲ.

ಪ್ರಸಂಗದಲ್ಲಿ ಎಐ ಎರಡನೆಯವನಾಗಿ ಬರಲಿ

ವಾಕ್ಯಭಾಗವನ್ನು ಓದುವುದು, ಪ್ರಾರ್ಥಿಸುವುದು, ಸಭೆಯ ಸ್ಥಿತಿಯನ್ನು ಮನಸ್ಸಿಗೆ ತಂದುಕೊಳ್ಳುವುದು, ಮುಖ್ಯ ಅಂಶಗಳನ್ನು ಕೈಯಾರೆ ಬರೆದುಕೊಳ್ಳುವುದು ಇಷ್ಟೂ ಆದ ಮೇಲೆಯೇ ಎಐ ತೆರೆಯಬೇಕು. ಈ ಕ್ರಮ ತಿರುವುಮುರುವಾದರೆ ಏನಾಗುತ್ತದೆಂಬುದಕ್ಕೆ ಬೈಬಲಿನ ಯೆರೆಮೀಯ ಪುಸ್ತಕದ 29ನೇ ಅಧ್ಯಾಯವನ್ನೇ ನೋಡಬಹುದು. ‘ಯುವಜನರಿಗೆ ಭರವಸೆ ಕೊಡುವ ಪ್ರಸಂಗ ಬರೆದುಕೊಡು’ ಎಂದರೆ ಯಂತ್ರ ಬಹುಮಟ್ಟಿಗೆ 11ನೇ ವಚನವನ್ನು ಎತ್ತಿಕೊಂಡು, ದೇವರು ನಿಮ್ಮ ಭವಿಷ್ಯಕ್ಕೆ ಒಳ್ಳೆಯ ಯೋಜನೆ ಇಟ್ಟಿದ್ದಾನೆ ಎಂಬ ಸವಿಮಾತನ್ನು ಹೆಣೆದುಕೊಡುತ್ತದೆ. ಆದರೆ ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ. ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುತ್ತದೆ ಎಂದು ಹನನ್ಯನೆಂಬ ಪ್ರವಾದಿ ಹಿಂದಿನ ಅಧ್ಯಾಯದಲ್ಲಿ ಸುಳ್ಳು ಭರವಸೆ ಕೊಟ್ಟಿದ್ದಾನೆ. ಯೆರೆಮೀಯನು ಎಪ್ಪತ್ತು ವರ್ಷ ಎನ್ನುತ್ತಾನೆ, ಅಲ್ಲಿಯೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ ಎನ್ನುತ್ತಾನೆ. ಅಧ್ಯಾಯವನ್ನು ತಾವೇ ಓದಿಕೊಂಡ ಸಭಾಪಾಲಕರಿಗೆ ಕಾಯುವಿಕೆಯ ಈ ಭಾರ ತಿಳಿದಿರುತ್ತದೆ. ಬರೆಸಿಕೊಂಡವರ ಬಾಯಲ್ಲಿ ಹನನ್ಯನ ಪ್ರಸಂಗವೇ ಬಂದುಬಿಡಬಹುದು.

ಹಾಗಾದರೆ ಏನು ಕೇಳಬೇಕು? ತಮ್ಮ ಟಿಪ್ಪಣಿಯನ್ನು ಮುಂದಿಟ್ಟು ಹೀಗೆ ಕೇಳಬಹುದು: ‘ಇದು ನಾನು ಸಿದ್ಧಪಡಿಸಿದ ಪ್ರಸಂಗದ ಸಾರ. ನನ್ನ ವಾದ ಎಲ್ಲಿ ಸಡಿಲವಾಗಿದೆ? ಇದೇ ಅಧ್ಯಾಯದಲ್ಲಿ ನಾನು ಬಿಟ್ಟುಬಿಟ್ಟಿರುವ ವಚನಗಳು ಯಾವುವು? ಕೆಲಸ ಕಳೆದುಕೊಂಡವರೊಬ್ಬರು ಇದನ್ನು ಕೇಳಿದರೆ ಯಾವ ಮಾತು ಅವರನ್ನು ನೋಯಿಸಬಹುದು?’ ಇಂಥ ಪ್ರಶ್ನೆಗೆ ಬರುವ ಉತ್ತರದಲ್ಲಿ ಅರ್ಧದಷ್ಟು ಉಪಯೋಗಕ್ಕೆ ಬಾರದಿದ್ದರೂ ಉಳಿದರ್ಧ ಪ್ರಸಂಗವನ್ನು ತಿದ್ದುತ್ತದೆ. ಈ ಯಂತ್ರಗಳಿಗೆ ಕೇಳಿದವರ ಅಭಿಪ್ರಾಯಕ್ಕೇ ತಲೆದೂಗುವ ಚಾಳಿ ಇದೆಯೆಂಬುದನ್ನು ಮಾತ್ರ ಮರೆಯಬಾರದು. ‘ನನ್ನ ವ್ಯಾಖ್ಯಾನ ಸರಿಯಲ್ಲವೇ’ ಎಂದರೆ ಬಹುಮಟ್ಟಿಗೆ ಸರಿ ಎನ್ನುತ್ತವೆ. ಆದ್ದರಿಂದ ವಿರುದ್ಧ ವಾದವನ್ನು ಬಾಯಿಬಿಟ್ಟೇ ಕೇಳಬೇಕು.

ಬಂದದ್ದನ್ನು ಪರೀಕ್ಷಿಸುವುದು

ಚಾಟ್‌ಬಾಟ್‌ನ ಒಳಗಿರುವ ಭಾಷಾ ಮಾದರಿ ವಚನವನ್ನು ಕೊಡುವಾಗ ಸತ್ಯವೇದವನ್ನು (ಬೈಬಲನ್ನು) ತೆರೆದು ನೋಡಿ ಕೊಡುತ್ತದೆಂದು ಭಾವಿಸುವುದು ತಪ್ಪು. ತಾನು ಕಲಿತ ಅಪಾರ ಬರಹದ ಆಧಾರದ ಮೇಲೆ, ಮುಂದೆ ಬರಬಹುದಾದ ಪದವನ್ನು ಅಂದಾಜು ಮಾಡುತ್ತ ವಾಕ್ಯ ಕಟ್ಟುವುದು ಅದರ ಮೂಲ ರೀತಿ. ಹಾಗಾಗಿ ವಚನ ಸರಿಯಿದ್ದು ಸಂಖ್ಯೆ ತಪ್ಪಿರಬಹುದು, ಎರಡು ಭಾಷಾಂತರಗಳು ಬೆರೆತು ಎಲ್ಲಿಯೂ ಇಲ್ಲದ ಮೂರನೆಯ ರೂಪ ಹುಟ್ಟಿರಬಹುದು. ಸಂಖ್ಯೆಯ ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ: 51ನೇ ಕೀರ್ತನೆಯ ತಲೆಬರಹವನ್ನು ಹೀಬ್ರೂ ಪಾಠದಲ್ಲಿ ವಚನಗಳಾಗಿ ಎಣಿಸುವುದರಿಂದ ಅಲ್ಲಿ 21 ವಚನಗಳು, ಅನೇಕ ಭಾಷಾಂತರಗಳಲ್ಲಿ 19, ಹೀಬ್ರೂವಿನ 23ನೇ ಕೀರ್ತನೆ ಗ್ರೀಕ್ ಮತ್ತು ಹಳೆಯ ಲ್ಯಾಟಿನ್ ಪಾಠಗಳಲ್ಲಿ 22ನೆಯದು. ಯಾವ ಭಾಷಾಂತರ ಬೇಕು, ತಮ್ಮದು ಪ್ರಾಟೆಸ್ಟಂಟರ 66 ಪುಸ್ತಕಗಳ ಸತ್ಯವೇದವೋ ಕ್ಯಾಥೊಲಿಕರ 73 ಪುಸ್ತಕಗಳದ್ದೋ, ಶಿಶುಗಳ ದೀಕ್ಷಾಸ್ನಾನವನ್ನು ಒಪ್ಪುವ ಸಭೆಯೋ ಅಲ್ಲವೋ ಎಂಬುದನ್ನು ಪ್ರಶ್ನೆಯಲ್ಲೇ ತಿಳಿಸಬೇಕು. ತಿಳಿಸಿದರೂ ಪ್ರತಿ ವಚನವನ್ನು ಪುಸ್ತಕ ತೆರೆದು ನೋಡುವುದು ತಪ್ಪದು. ಪೌಲನ ಬೋಧನೆಯನ್ನೇ ಪ್ರತಿದಿನ ಶಾಸ್ತ್ರಗಳಲ್ಲಿ ಪರಿಶೋಧಿಸಿದ ಬೆರೋಯ ಊರಿನವರನ್ನು ಅಪೊಸ್ತಲರ ಕೃತ್ಯಗಳು 17:11 ಮೆಚ್ಚಿಕೊಳ್ಳುತ್ತದೆ. ಪೌಲನಿಗಿಲ್ಲದ ವಿನಾಯಿತಿ ಚಾಟ್‌ಬಾಟ್‌ಗೆ ಯಾಕೆ?

ಉಲ್ಲೇಖಗಳ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ನಾಳೆ ಲೋಕ ಮುಗಿಯುವುದಾದರೂ ಇಂದು ಸೇಬಿನ ಸಸಿ ನೆಡುತ್ತೇನೆ ಎಂಬ ಮಾತನ್ನು ಎಐ ಸಲೀಸಾಗಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರರ ಬಾಯಿಗೆ ಹಾಕಬಹುದು, ಏಕೆಂದರೆ ಜಾಲದ ತುಂಬ ಹಾಗೆಯೇ ಇದೆ. ಲೂಥರರು ತೀರಿಕೊಂಡದ್ದು 1546ರಲ್ಲಿ. ಆ ಮಾತಿಗೆ ಸಿಕ್ಕಿರುವ ಅತಿ ಹಳೆಯ ಲಿಖಿತ ಆಧಾರ 1944ರದ್ದು. ಮೂಲ ಸಿಗದ ಉಲ್ಲೇಖವನ್ನು ಎಷ್ಟೇ ಸೊಗಸಾಗಿದ್ದರೂ ಕೈಬಿಡುವುದು ಒಳ್ಳೆಯದು.

ಜನರ ಗುಟ್ಟು ಯಂತ್ರಕ್ಕೆ ಬೇಡ

ಪ್ರಾರ್ಥನಾ ವಿಜ್ಞಾಪನೆಗಳಲ್ಲಿ ರೋಗ, ಸಾಲ, ಸಂಸಾರದ ಬಿರುಕು ಎಲ್ಲವೂ ಇರುತ್ತವೆ. ಐರೋಪ್ಯ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ಸಂರಕ್ಷಣಾ ನಿಯಮವು ಧಾರ್ಮಿಕ ನಂಬಿಕೆಯನ್ನೂ ಆರೋಗ್ಯದ ವಿವರವನ್ನೂ ವಿಶೇಷ ರಕ್ಷಣೆ ಬೇಕಾದ ಮಾಹಿತಿಯೆಂದು ಗುರುತಿಸುತ್ತದೆ. ಪ್ರಾರ್ಥನಾ ಪಟ್ಟಿಯ ಒಂದೊಂದು ಸಾಲಿನಲ್ಲಿ ಎರಡೂ ಕೂಡಿರುತ್ತವೆ. ಹೆಸರು ತೆಗೆದುಹಾಕಿದರೆ ಸಾಕಾಗುವುದಿಲ್ಲ. ‘ಗಾಯನ ತಂಡದ ಹಿರಿಯ ಸದಸ್ಯೆ, ಎರಡನೇ ಸಲ ಗರ್ಭಪಾತ’ ಎಂದು ಬರೆದರೆ ಸಣ್ಣ ಸಭೆಯಲ್ಲಿ ಅದು ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ‘ಮಗುವನ್ನು ಕಳೆದುಕೊಂಡ ದಂಪತಿಗಾಗಿ ಪ್ರಾರ್ಥನೆ’ ಎಂಬಷ್ಟು ಸಾಮಾನ್ಯಗೊಳಿಸಿದರೆ ಮಾತ್ರ ಕೊಡಬಹುದು. ಬಳಸುವ ಸೇವೆಯ ಸೆಟ್ಟಿಂಗ್ಸ್‌ನಲ್ಲಿ, ಸಂಭಾಷಣೆಯನ್ನು ಮಾದರಿಯ ತರಬೇತಿಗೆ ಉಪಯೋಗಿಸಲು ಬಿಡುವ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿಡಿ.

ಸ್ವಿಟ್ಜರ್ಲೆಂಡಿನ ಲೂಸರ್ನ್ ನಗರದ ಸಂತ ಪೇತ್ರರ ಚರ್ಚಿನಲ್ಲಿ 2024ರಲ್ಲಿ, ಯೇಸುವಿನ ಮುಖವಿರುವ ಎಐ ಒಂದನ್ನು ಪಾಪನಿವೇದನೆಯ ಪೆಟ್ಟಿಗೆಯಲ್ಲಿ ಪ್ರಯೋಗಕ್ಕೆ ಇಟ್ಟಿದ್ದರು. ಅದನ್ನು ಪಾಪನಿವೇದನೆಯಾಗಿ ಉದ್ದೇಶಿಸಿರಲಿಲ್ಲ; ವೈಯಕ್ತಿಕ ವಿವರ ಹೇಳಬೇಡಿ ಎಂದು ಬಂದವರಿಗೆ ಮೊದಲೇ ಎಚ್ಚರಿಸಲಾಗುತ್ತಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಕ್ಯಾಥೊಲಿಕ್ ಆನ್ಸರ್ಸ್ ಸಂಸ್ಥೆ, ಗುರುವಿನ (ಪಾದ್ರಿಯ) ವೇಷದ ‘ಫಾದರ್ ಜಸ್ಟಿನ್’ ಎಂಬ ಎಐ ಪಾತ್ರವನ್ನು ಹೊರತಂದಿತು. ಆ ಪಾತ್ರ ತಾನು ನಿಜವಾದ ಗುರುವೆಂದು ಹೇಳಿಕೊಂಡು ಪಾಪಕ್ಷಮೆಯನ್ನೂ ಕೊಡಹೊರಟಿತು. ಕೆಲವೇ ದಿನಗಳಲ್ಲಿ ಸಂಸ್ಥೆ ಅದರ ಗುರುವೇಷ ಕಳಚಿ, ಬರೀ ಜಸ್ಟಿನ್ ಮಾಡಬೇಕಾಯಿತು. ಸಭೆಯ ವೆಬ್‌ಸೈಟಿನಲ್ಲಿ ಚಾಟ್‌ಬಾಟ್ ಇಡುವುದಾದರೆ ಅದಕ್ಕೆ ಗುರುವಿನ ಹೆಸರೂ ಮುಖವೂ ಬೇಡ. ಆರಾಧನೆಯ ಸಮಯ ತಿಳಿಸುವುದಕ್ಕೆ ಅದು ಸಾಕು. ಯಾರಾದರೂ ಸಾಯುವ ಮಾತನ್ನಾಡಿದರೆ, ಹಿಂಸೆಯನ್ನು ಹೇಳಿಕೊಂಡರೆ, ಉತ್ತರ ಕೊಡುತ್ತ ಕೂರದೆ ತಕ್ಷಣ ಮನುಷ್ಯರ ಫೋನ್ ನಂಬರನ್ನೂ ತುರ್ತು ಸಹಾಯವಾಣಿಯನ್ನೂ ತೋರಿಸುವಂತೆ ಅದನ್ನು ಹೊಂದಿಸಿ, ನೀವೇ ಹತ್ತಾರು ಬಗೆಯಲ್ಲಿ ಕೇಳಿ ಪರೀಕ್ಷಿಸಿದ ಮೇಲೆ ಬಿಡುಗಡೆ ಮಾಡಿ.

ಹೇಳಿಬಿಡುವುದು, ಬರೆದಿಡುವುದು

ಕಾಗುಣಿತ ತಿದ್ದಿಸಿಕೊಂಡದ್ದನ್ನು ಸಭೆಗೆ ಸಾರಬೇಕಾಗಿಲ್ಲ. ಪ್ರಸಂಗದ ರಚನೆಯನ್ನೋ ಪ್ರಾರ್ಥನೆಯ ಪಠ್ಯವನ್ನೋ ಚಿತ್ರವನ್ನೋ ಎಐನಿಂದ ಪಡೆದಿದ್ದರೆ ಹೇಳಬೇಕು. ಯಂತ್ರ ಕಟ್ಟಿಕೊಟ್ಟ ‘ನನಗೆ ಗೊತ್ತಿರುವ ಒಬ್ಬ ತಾಯಿ’ಯ ಕಥೆಯನ್ನು ಸ್ವಂತ ಅನುಭವವೆಂಬಂತೆ ಹೇಳುವುದು ಸುಳ್ಳಾಗುತ್ತದೆ. ತೀರ್ಮಾನಗಳನ್ನು ಒಂದೇ ಪುಟದಲ್ಲಿ ಬರೆದಿಟ್ಟು ವರ್ಷಕ್ಕೆರಡು ಸಲ ತಿದ್ದಿ. ಹಿನ್ನೆಲೆಗೆ, ಅಮೆರಿಕದ ಪ್ರಾಟೆಸ್ಟಂಟ್ ಸಭೆಗಳ ಒಕ್ಕೂಟವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಎಐ ಕುರಿತು 2023ರ ಜೂನ್‌ನಲ್ಲಿ ಅಂಗೀಕರಿಸಿದ ನಿರ್ಣಯವನ್ನೂ ವ್ಯಾಟಿಕನ್ ಅದೇ ವಿಷಯವಾಗಿ 2025ರ ಜನವರಿಯಲ್ಲಿ ಹೊರಡಿಸಿದ ‘ಆಂಟಿಕ್ವಾ ಎಟ್ ನೋವಾ’ ಟಿಪ್ಪಣಿಯನ್ನೂ ಓದಿಕೊಳ್ಳಬಹುದು.

ಆ ಪುಟದಲ್ಲಿ ವಂಚನೆಯ ಬಗ್ಗೆ ಒಂದು ಕಲಮು ಇರಲೇಬೇಕು. ಬಿಳಿಯ ದಪ್ಪ ಜಾಕೆಟ್ ತೊಟ್ಟ ಪೋಪ್ ಫ್ರಾನ್ಸಿಸರ ಕೃತಕ ಚಿತ್ರವನ್ನು 2023ರ ಮಾರ್ಚ್‌ನಲ್ಲಿ ಎಷ್ಟೋ ಜನ ನಿಜವೆಂದೇ ನಂಬಿದ್ದರು. ಪ್ರಸಂಗಗಳ ವಿಡಿಯೊ ಜಾಲದಲ್ಲಿರುವ ಯಾವ ಸಭಾಪಾಲಕರ ದನಿಯನ್ನಾದರೂ ಈಗ ನಕಲು ಮಾಡಬಹುದು. ಸಭಾಪಾಲಕರು ಮೆಸೇಜಿನಲ್ಲಾಗಲಿ ಕರೆಯಲ್ಲಾಗಲಿ ಎಂದಿಗೂ ಹಣ ಕೇಳುವುದಿಲ್ಲವೆಂದು ಆರಾಧನೆಯಲ್ಲೇ ಪ್ರಕಟಿಸಿ. ಅಂಥ ಕೋರಿಕೆ ಬಂದರೆ ಮೊದಲೇ ಗೊತ್ತಿರುವ ನಂಬರಿಗೆ ತಾವೇ ಕರೆ ಮಾಡಿ ಖಚಿತಪಡಿಸಿಕೊಳ್ಳುವಂತೆ, ಸಭೆಯ ಖಾತೆಯಿಂದ ಹಣ ಹೊರಹೋಗುವ ಮುನ್ನ ಇಬ್ಬರ ಒಪ್ಪಿಗೆ ಇರುವಂತೆ ನಿಯಮ ಮಾಡಿ.