ಹೊಸ ಜೀಬ್ರಾಮೀನು ಬಂದರೆ ನೇರ ಟ್ಯಾಂಕಿಗೆ ಬಿಡಬೇಡಿ

ಲ್ಯಾಬಿಗೆ ಹೊರಗಿನಿಂದ ಜೀಬ್ರಾಮೀನು (ಸಂಶೋಧನೆಗೆ ಸಾಕುವ ಪುಟ್ಟ ಪಟ್ಟೆ ಮೀನು) ತರಿಸಿದಾಗ ಬೆಳೆದ ಮೀನುಗಳನ್ನು ಮುಖ್ಯ ಟ್ಯಾಂಕ್ ವ್ಯವಸ್ಥೆಗೆ ಸೇರಿಸಲೇಬೇಡಿ. ಎಲ್ಲ ಟ್ಯಾಂಕಿಗೂ ಒಂದೇ ನೀರು ಸುತ್ತುತ್ತಿರುತ್ತದೆ ಅಲ್ವಾ, ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಹರಡುತ್ತದೆ. ಅವನ್ನು ಬೇರೆ ಕೋಣೆಯಲ್ಲಿಟ್ಟು ಮೊಟ್ಟೆ ಇಡಿಸಿ. ಆ ಮೊಟ್ಟೆಗಳನ್ನು ತೆಳು ಬ್ಲೀಚ್ ದ್ರಾವಣದಲ್ಲಿ ತೊಳೆದು, ಅದರಿಂದ ಬೆಳೆದ ಮರಿಗಳನ್ನಷ್ಟೇ ಒಳಗೆ ತನ್ನಿ. ಆದರೂ ಪೂರ್ತಿ ನಿಶ್ಚಿಂತೆ ಬೇಡ. ಸೂಡೊಲೋಮಾ ಎಂಬ ಪರಾವಲಂಬಿ ಮೊಟ್ಟೆಯ ಒಳಗೇ ಅಡಗಿರಬಹುದು, ಬ್ಲೀಚ್ ಅಲ್ಲಿಗೆ ಮುಟ್ಟುವುದಿಲ್ಲ. ಹಾಗಾಗಿ ಮೊಟ್ಟೆ ಇಟ್ಟ ತಾಯಿ-ತಂದೆ ಮೀನುಗಳನ್ನೂ ಪರೀಕ್ಷೆ ಮಾಡಿಸಿ.

ಹೊಸ ಮೀನಿರುವ ಕೋಣೆಗೆ ಬಲೆಗಳೂ ಬೇರೆಯೇ ಇರಲಿ. ದಿನದ ಕೆಲಸದಲ್ಲಿ ಆ ಕೋಣೆಗೆ ಕೊನೆಯಲ್ಲೇ ಹೋಗಿ. ನೀರು ಸುಮಾರು 28 ಡಿಗ್ರಿ ಇರಲಿ. ಆಹಾರ ಜಾಸ್ತಿ ಹಾಕಿದರೆ ಸುಮ್ನೆ ಕೊಳೆತು ಅಮೋನಿಯಾ ಏರುತ್ತದೆ, ಉಳಿದದ್ದನ್ನು ಆಗಲೇ ತೆಗೆದುಬಿಡಿ.