ಸಭಾ ಶಿಸ್ತು: ಸಣ್ಣ ಸಭೆಯಲ್ಲಿ ನಾವು ನಡೆಸುವ ಕ್ರಮ

ಕಾಸರಗೋಡು, ಮಂಜೇಶ್ವರದ ಕಡೆಯ ಸಣ್ಣ ಕನ್ನಡ ಕ್ರೈಸ್ತ ಸಭೆಯಲ್ಲಿ ಬಹಳಷ್ಟು ಮಂದಿ ಒಬ್ಬರಿಗೊಬ್ಬರು ನೆಂಟರು. ಹಾಗಾಗಿ ತಪ್ಪಿದ ಸದಸ್ಯರನ್ನು ತಿದ್ದಲು ಬೈಬಲಿನ ಮತ್ತಾಯ 18:15-17 ಹೇಳುವ ಮೂರು ಹೆಜ್ಜೆಗಳಲ್ಲಿ (ಒಬ್ಬರೇ ಹೋಗಿ ಮಾತಾಡುವುದು, ಒಬ್ಬಿಬ್ಬರೊಡನೆ ಹೋಗುವುದು, ಸಭೆಗೆ ತಿಳಿಸುವುದು) ಮೊದಲನೆಯದೇ ಕಷ್ಟ. ದೂರು ತಂದವರಿಗೆ ನಮ್ಮ ಮೊದಲ ಪ್ರಶ್ನೆ, "ಅವರ ಹತ್ತಿರ ನೀವೇ ಮಾತಾಡಿದ್ದೀರಾ?" ಇಲ್ಲವೆಂದರೆ ಹೆಸರು ಕೇಳದೆ ವಾಪಸು ಕಳಿಸುತ್ತೇವೆ.

ಇದಕ್ಕೆ ಹೊರತಾದವು ಎರಡು. ಹೆಂಡತಿಗೆ ಹೊಡೆತವಿದ್ದರೆ ಅವರನ್ನು ಒಬ್ಬರೇ ಮಾತಾಡಲು ಕಳಿಸಬಾರದು. ಮೊದಲು ಸುರಕ್ಷಿತ ಜಾಗ, 181 ಸಹಾಯವಾಣಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆಯಿದೆ. ತಪ್ಪೊಪ್ಪಿಗೆ ಬಂತೆಂದು ದೂರು ತಡೆಯುವ ಅಧಿಕಾರ ಯಾವ ಸಭೆಗೂ ಇಲ್ಲ.

ವಿಷಯ ಸೋರುವುದು ಹೆಚ್ಚಾಗಿ ಪ್ರಾರ್ಥನೆಯ ಹೆಸರಿನಲ್ಲೇ. "ಇಂಥವರ ಮನೆಗಾಗಿ ವಿಶೇಷವಾಗಿ ಪ್ರಾರ್ಥಿಸಿ" ಎಂದು ವಾಟ್ಸಾಪ್ ಗುಂಪಿಗೆ ಒಂದು ಸಾಲು ಬಿದ್ದರೆ ಸಾಕು, ಸಂಜೆಯೊಳಗೆ ಗಲ್ಫಿನಿಂದ ಫೋನು ಬರುತ್ತದೆ. ಪ್ರಕರಣ ಮುಗಿಯುವವರೆಗೆ ಆ ಹೆಸರು ಗುಂಪಿನಲ್ಲಿ ಬರಕೂಡದು.

ಎರಡನೆಯ ಹೆಜ್ಜೆಗೆ ಜೊತೆಯಲ್ಲಿ ಒಬ್ಬಿಬ್ಬರು. ದೂರುದಾರರ ಭಾವನೋ, ಆರೋಪಿಯೊಡನೆ ಜಾಗದ ತಕರಾರು ಇರುವವರೋ ಬೇಡ. "ತಪ್ಪು ನಿಮ್ಮದೇ" ಎಂದು ದೂರುದಾರರಿಗೂ ಹೇಳಬಲ್ಲವರು ಬೇಕು. ವಿಷಯ ಹೆಣ್ಣುಮಕ್ಕಳದ್ದಾದರೆ ಹಿರಿಯ ಸಹೋದರಿಯೊಬ್ಬರು ಇರಲೇಬೇಕು. ಆರಾಧನೆ ಮುಗಿದ ಮೇಲೆ ಸಭಾಪಾಲಕರ (ಪಾಸ್ಟರರ) ಕೋಣೆಗೆ ಕರೆದರೆ ಅಂಗಳದಲ್ಲಿ ನಿಂತವರಿಗೆಲ್ಲ ಗೊತ್ತಾಗುತ್ತದೆ. ವಾರದ ನಡುವೆ ಒಂದು ಮನೆಯಲ್ಲಿ ಕೂರುತ್ತೇವೆ. ಮಾತು ತುಳುವಿನಲ್ಲೇ ನಡೆಯಲಿ, ಬರೆಯುವುದು ಕನ್ನಡದಲ್ಲಿ: ತಾರೀಖು, ಕೂತವರು, ಆರೋಪ ಒಂದೇ ವಾಕ್ಯ, ಅವರ ಉತ್ತರ, ಏನು ಮಾಡಲು ಒಪ್ಪಿದರು, ಮುಂದಿನ ಭೇಟಿ. ಓದಿ ಹೇಳಿ ಸಹಿ. "ಪಶ್ಚಾತ್ತಾಪಪಟ್ಟರು" ಎಂದು ನಾವು ಬರೆಯುವುದಿಲ್ಲ, ಅದನ್ನು ಅಳೆಯುವವರು ಯಾರು? "ತಿಂಗಳಿಗೆ ಇಷ್ಟು ಹಣ ಹಿಂತಿರುಗಿಸುತ್ತೇನೆ" ಎಂಬುದನ್ನು ಬರೆಯಬಹುದು. ಹಣದ ವಿಷಯವಾದರೆ ಸಭೆಯ ಬ್ಯಾಂಕ್ ಖಾತೆಯಲ್ಲಿ ಅವರಿಗಿರುವ ಸಹಿ ಅಧಿಕಾರವನ್ನು ಆಗಲೇ ನಿಲ್ಲಿಸಬೇಕು. ಅದು ಶಿಕ್ಷೆಯಲ್ಲ, ಲೆಕ್ಕ ಕೆಡದಿರಲಿ ಎಂದು.

ಸಭೆಯನ್ನು ನಡೆಸುವ ಹಿರಿಯರ ಮೇಲೆ ದೂರು ಬಂದಾಗ ಎಲ್ಲರ ಬಾಯಲ್ಲೂ 1 ತಿಮೊಥೆಯ 5:19, ಇಬ್ಬರು ಮೂವರು ಸಾಕ್ಷಿಗಳು ಬೇಕೆಂಬ ಮಾತು. ಪಾಪದಲ್ಲಿ ಮುಂದುವರಿಯುವವರನ್ನು ಎಲ್ಲರ ಮುಂದೆ ಗದರಿಸಬೇಕೆನ್ನುವ 20ನೇ ವಚನ ಅಷ್ಟು ಸುಲಭವಾಗಿ ನೆನಪಾಗುವುದಿಲ್ಲ. ಆ ಹಿರಿಯರು ದೂರು ವಿಚಾರಿಸುವ ಸಮಿತಿಯಿಂದ ಹೊರಗಿರಬೇಕು, ಅಧ್ಯಕ್ಷತೆಗೆ ಬೇರೆ ಸಭೆಯ ಪಾಲಕರು ಬರಬೇಕು.

ಮೂರನೆಯದು ಸಭೆಗೆ ತಿಳಿಸುವುದು. ಸದಸ್ಯರ ಕೂಟದಲ್ಲಿ ಮಾತ್ರ, ಮಕ್ಕಳೂ ಅತಿಥಿಗಳೂ ಇಲ್ಲದಾಗ, ಬರೆದು ತಂದದ್ದನ್ನು ಓದುತ್ತೇವೆ. ವಿವರಣೆ ಸೇರಿಸಿದರೆ ಅದೇ ಊರ ಕಥೆಯಾಗುತ್ತದೆ. ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ಮತ್ತು ಸಭೆಯಲ್ಲಿನ ಜವಾಬ್ದಾರಿ ಇವೆರಡನ್ನೇ ನಿಲ್ಲಿಸುವುದು. ಆರಾಧನೆಗೆ ಬರಲಿ. ಕಾಯಿಲೆ ಬಿದ್ದರೆ ನಾವು ಹೋಗುತ್ತೇವೆ, ಸಾವಿನ ಮನೆಗೂ ಹೋಗುತ್ತೇವೆ. ಸಭೆಯ ಮಾತನ್ನೂ ಕೇಳದವನನ್ನು ಸುಂಕದವನಂತೆ (ಜನ ದೂರವಿಡುತ್ತಿದ್ದ ತೆರಿಗೆ ವಸೂಲಿಗಾರನಂತೆ) ಎಣಿಸು ಎಂಬ ಮತ್ತಾಯ 18:17ರ ಮಾತನ್ನು ಹಿಡಿದು ಮಾತು ಬಿಡುವವರಿದ್ದಾರೆ. ಆ ಸುವಾರ್ತೆಗೆ ಹೆಸರು ಕೊಟ್ಟ ಮತ್ತಾಯನೇ ಸುಂಕದವನು, ಯೇಸು ಊಟಕ್ಕೆ ಕೂತದ್ದೂ ಅಂಥವರ ಜೊತೆ. 2 ಥೆಸಲೋನಿಕ 3:15 ವೈರಿಯೆಂದು ಎಣಿಸದೆ ಸಹೋದರನೆಂದು ಬುದ್ಧಿ ಹೇಳಿರೆನ್ನುತ್ತದೆ.

ಮರುಪರಿಶೀಲನೆಯ ತಾರೀಖನ್ನು ತೀರ್ಮಾನದ ದಿನವೇ ಬರೆಯಬೇಕು. ತಾರೀಖಿಲ್ಲದ ಶಿಸ್ತು ಬಹಿಷ್ಕಾರವಾಗುತ್ತದೆ, ಆ ಕುಟುಂಬ ಬೇರೆ ಸಭೆ ಹುಡುಕುತ್ತದೆ. ಅತಿಯಾದ ದುಃಖದಲ್ಲಿ ಮುಳುಗಿಹೋಗದಂತೆ ಕ್ಷಮಿಸಿ ಸಂತೈಸಿರೆಂದು ಪೌಲ ಕೊರಿಂಥದವರಿಗೆ ಬರೆದದ್ದು (2 ಕೊರಿಂಥ 2:6-8) ಇದಕ್ಕೇ. ತಪ್ಪನ್ನು ಓದಿದ ಕೂಟದಲ್ಲೇ ಮರಳಿ ಸೇರಿಸಿಕೊಂಡದ್ದನ್ನೂ ಓದಬೇಕು. ಭೋಜನ ಅಂದೇ, ಜವಾಬ್ದಾರಿ ನಿಧಾನಕ್ಕೆ. ಹಣದಲ್ಲಿ ತಪ್ಪಿದವರಿಗೆ ಖಜಾಂಚಿ ಕೆಲಸ ಮಾತ್ರ ಮರಳುವುದಿಲ್ಲ. ಅದನ್ನು ಮೊದಲ ಭೇಟಿಯಲ್ಲೇ ಅವರಿಗೆ ತಿಳಿಸಿರುತ್ತೇವೆ.