ಎಐ ಬರೆದ ಉತ್ತರಕ್ಕೆ ಮಕ್ಕಳೇ ಕೆಂಪು ಗೆರೆ ಎಳೆದರು

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಕನ್ನಡ ಮಾಧ್ಯಮ. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದೆಲ್ಲ ಇಂಗ್ಲಿಷ್ ಶಾಲೆಯವರ ತಲೆನೋವು ಅನ್ನುವ ಲೆಕ್ಕ. 2024ರ ಜೂನ್‌ನಲ್ಲಿ ಗೂಗಲ್‌ನ ಎಐ ಆ್ಯಪ್ ಜೆಮಿನೈ ಕನ್ನಡದಲ್ಲೂ ಬಂತು. ಈಗ ಮಕ್ಕಳು ಅಪ್ಪನ ಫೋನಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲೇ ಪ್ರಶ್ನೆ ಕೇಳುತ್ತಾರೆ. ಬಂದ ಉತ್ತರ ಹಾಗೇ ಪ್ರಾಜೆಕ್ಟ್ ಪುಸ್ತಕಕ್ಕೆ ಇಳಿಯುತ್ತದೆ.

ಬೇಡ ಅಂತ ಬೋರ್ಡಿನ ಮೇಲೆ ಬರೆದರೆ ಇದು ನಿಲ್ಲುವುದಿಲ್ಲ. ಹಾಗಾಗಿ ನಾನು ಎಐ ಹೇಳಿದ್ದನ್ನು ಪರೀಕ್ಷೆ ಮಾಡುವುದನ್ನೇ ಇತಿಹಾಸದ ಪಾಠವಾಗಿ ಮಾಡಿಕೊಂಡೆ. ಅದು ಹೇಗೆ ನಡೆಯಿತು, ತರಗತಿಯೊಳಗೆ ಏನನ್ನು ಬಿಟ್ಟುಕೊಂಡೆ, ಏನನ್ನು ಹೊರಗಿಟ್ಟೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹತ್ತನೇ ತರಗತಿಯಲ್ಲಿ ಬ್ರಿಟಿಷರ ವಿರುದ್ಧ ಕರ್ನಾಟಕದಲ್ಲಿ ನಡೆದ ಹೋರಾಟಗಳ ಪಾಠ ಇದೆ. ಅದಕ್ಕೆ ಮೊದಲು ನಾನು ಒಂದು ಎಐ ಟೂಲಿಗೆ ಕಿತ್ತೂರು ಚೆನ್ನಮ್ಮನ ಬಗ್ಗೆ ಒಂದು ಪುಟ ಬರೆದುಕೊಡು ಅಂದೆ. ಕನ್ನಡ ಚೆನ್ನಾಗಿಯೇ ಇತ್ತು. ಓದಿಕೊಂಡು ಹೋದರೆ ಎಲ್ಲೂ ತಡೆಯುವುದಿಲ್ಲ. ಅದನ್ನು ಜೆರಾಕ್ಸ್ ಮಾಡಿಸಿ, ಇಬ್ಬರಿಗೊಂದರಂತೆ ಹಂಚಿದೆ. ಕೈಗೆ ಕೆಂಪು ಪೆನ್ನು ಕೊಟ್ಟೆ. "ಇದನ್ನ ಒಬ್ಬ ವಿದ್ಯಾರ್ಥಿ ಬರೆದಿದ್ದಾನೆ ಅಂದುಕೊಳ್ಳಿ. ನೀವೇ ಟೀಚರ್. ಪಠ್ಯಪುಸ್ತಕ ಪಕ್ಕದಲ್ಲಿಟ್ಟುಕೊಂಡು ತಿದ್ದಿ" ಅಂದೆ.

ತರಗತಿಯಲ್ಲಿ ಪಿಸುಪಿಸು ಶುರುವಾಯಿತು. ಮಕ್ಕಳಿಗೆ ಕೆಂಪು ಪೆನ್ನು ಸಿಕ್ಕರೆ ಸುಮ್ನೆ ಇರುತ್ತಾರಾ?

ಮೊದಲು ಕೈ ಎತ್ತಿದ ಹುಡುಗಿ, "ಮಿಸ್, ಇಲ್ಲಿ ಚೆನ್ನಮ್ಮ ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು ಅಂತ ಐತೆ. ಅದು ಕೆಳದಿ ಚೆನ್ನಮ್ಮ ಅಲ್ವಾ?" ಅಂದಳು. ಹೌದು. ಕೆಳದಿಯ ರಾಣಿ 17ನೇ ಶತಮಾನದವಳು. ರಾಜಾರಾಮನಿಗೆ ಜಾಗ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದವಳು ಅವಳು. ಕಿತ್ತೂರಿನ ರಾಣಿ ಬ್ರಿಟಿಷರ ಮೇಲೆ ಯುದ್ಧ ಮಾಡಿದ್ದು 1824ರಲ್ಲಿ. ಹೆಸರು ಒಂದೇ ಅಂತ ಇಬ್ಬರನ್ನೂ ಆ ಪುಟ ಒಬ್ಬಳನ್ನಾಗಿ ಮಾಡಿತ್ತು.

ಎರಡನೆಯ ತಪ್ಪು ಸಿಗಲು ಜಾಸ್ತಿ ಹೊತ್ತು ಹಿಡಿಯಿತು. ಡಾಲ್‌ಹೌಸಿಯ 'ದತ್ತು ಮಕ್ಕಳಿಗೆ ಹಕ್ಕಿಲ್ಲ' ನೀತಿಯನ್ನು ಚೆನ್ನಮ್ಮ ವಿರೋಧಿಸಿದಳು ಅಂತ ಅದರಲ್ಲಿತ್ತು. ಕೇಳಲು ಸರಿಯಾಗಿಯೇ ಇದೆ. ಶಿವಲಿಂಗಪ್ಪನ ದತ್ತನ್ನು ಬ್ರಿಟಿಷರು ಒಪ್ಪಲಿಲ್ಲ ಅನ್ನುವುದು ನಿಜ. ಆದರೆ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದಿದ್ದು 1848ರಲ್ಲಿ. ಅಷ್ಟರಲ್ಲಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡು ಸುಮಾರು ಎರಡು ದಶಕ ಆಗಿತ್ತು. ನಾನು ಏನೂ ಹೇಳದೆ ಬೋರ್ಡಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು ಇಸವಿಗಳನ್ನು ಹಾಕುತ್ತಾ ಹೋದೆ. 1824, ಚೆನ್ನಮ್ಮ ತೀರಿಕೊಂಡ 1829, ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ 1831, ಆಮೇಲೆ 1848. ಹಿಂದಿನ ಬೆಂಚಿನಿಂದ ಒಬ್ಬ, "ಮಿಸ್, ಆ ಯಪ್ಪ ಇನ್ನೂ ಬಂದೇ ಇರಲಿಲ್ಲ!" ಅಂತ ಕೂಗಿದ.

ಇಸವಿ ಬಾಯಿಪಾಠ ಮಾಡಿ ಅಂತ ವರ್ಷಗಟ್ಟಲೆ ಹೇಳಿದ್ದೇನೆ. ಇಸವಿ ಯಾಕೆ ಬೇಕು ಅನ್ನುವುದು ಆ ತರಗತಿಗೆ ಅವತ್ತು ತಿಳಿದಷ್ಟು ಚೆನ್ನಾಗಿ ಹಿಂದೆ ಎಂದೂ ತಿಳಿದಿರಲಿಲ್ಲ.

ಇಂಥ ತಪ್ಪು ಯಾಕಾಗುತ್ತದೆ ಅಂತಲೂ ಮಕ್ಕಳಿಗೆ ಹೇಳಿದೆ. ಈ ಟೂಲುಗಳು ತಾವು ಓದಿದ ರಾಶಿ ರಾಶಿ ಬರಹದ ಜಾಡು ಹಿಡಿದು, ಮುಂದಿನ ಪದ ಯಾವುದು ಬರಬಹುದು ಅಂತ ಊಹಿಸುತ್ತಾ ವಾಕ್ಯ ಕಟ್ಟುತ್ತವೆ. ಓದಿದ್ದರಲ್ಲಿ ಇಂಗ್ಲಿಷ್ ಬೆಟ್ಟದಷ್ಟಿದೆ, ಕನ್ನಡ ತೀರಾ ಕಡಿಮೆ. 'ದತ್ತು' ಅಂದ ಕೂಡಲೇ ಪಕ್ಕಕ್ಕೆ ಡಾಲ್‌ಹೌಸಿ ಬಂದು ಕೂರುವುದು ಹೀಗೆ. ಇದನ್ನು ವಿವರಿಸಲು ಕಂಪ್ಯೂಟರ್ ಲ್ಯಾಬ್ ಬೇಕಿಲ್ಲ. ಅರ್ಧ ವಾಕ್ಯ ಬರೆದು, ಮುಂದಿನ ಪದ ಏನು ಅಂತ ಇಡೀ ತರಗತಿಯನ್ನು ಕೇಳಿದರೆ ಸಾಕು.

ಪ್ರಾಜೆಕ್ಟ್ ವಿಷಯವನ್ನೂ ಬದಲಾಯಿಸಿದೆ. ಮೊದಲೆಲ್ಲ 'ಹೊಯ್ಸಳರ ವಾಸ್ತುಶಿಲ್ಪ' ಅಂತ ಕೊಡುತ್ತಿದ್ದೆವು. ಅದನ್ನು ಫೋನೇ ಬರೆದುಕೊಡುತ್ತದೆ. ಈಗ ಒಂಬತ್ತನೇ ತರಗತಿಯವರಿಗೆ ನಮ್ಮ ಊರಿನ ವೀರಗಲ್ಲನ್ನೇ ಕೊಟ್ಟಿದ್ದೇನೆ. ಹನುಮಂತನ ಗುಡಿ ಹಿಂದೆ ಅರ್ಧ ಮಣ್ಣಲ್ಲಿ ಹೂತಿದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ಕಾಳಗದ ಪಟ್ಟಿಯಲ್ಲಿ ದನಗಳಿವೆ. ಅಂದರೆ ತುರುಗೋಳಲ್ಲಿ, ದನಗಳಿಗಾಗಿ ನಡೆದ ಕಾದಾಟದಲ್ಲಿ, ಸತ್ತವನು. ಮಕ್ಕಳು ಮುಟ್ಟಿ ನೋಡಿ, ಚಿತ್ರ ಬರೆದು, ಊರಿನ ಹಿರಿಯರನ್ನು ಕೇಳಿ ಬರೆಯಬೇಕು.

ಆ ಕಲ್ಲಿನ ಅಂಚಿನಲ್ಲಿ ಸವೆದುಹೋದ ಒಂದು ಸಾಲು ಅಕ್ಷರ ಇದೆ. ಮಕ್ಕಳ ಮುಂದೆಯೇ ಫೋಟೋ ತೆಗೆದು ಒಂದು ಆ್ಯಪಿಗೆ ಹಾಕಿದೆ. ತಕ್ಷಣ ರಾಜನ ಹೆಸರು, ಶಕ ವರ್ಷ, ವೀರನ ಹೆಸರು ಎಲ್ಲವನ್ನೂ ಸಲೀಸಾಗಿ ಓದಿಬಿಟ್ಟಿತು. ಅದೇ ಫೋಟೋ ಇನ್ನೊಮ್ಮೆ ಹಾಕಿದಾಗ ಬೇರೆ ರಾಜ ಬಂದ. ಆಮೇಲೆ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟದ ಸ್ಕ್ಯಾನ್ ಪ್ರತಿ ತೆರೆದೆ. ತುಮಕೂರು ಜಿಲ್ಲೆಯ ಶಾಸನಗಳೆಲ್ಲ ತಾಲ್ಲೂಕುವಾರು ಅದರಲ್ಲಿವೆ. ಈ ಕಲ್ಲು ಇರಲಿಲ್ಲ. "ಅಕ್ಷರ ಸವೆದಿದೆ, ಓದಲು ಆಗಲಿಲ್ಲ" ಅಂತ ಬರೆದ ಮಕ್ಕಳಿಗೆ ನಾನು ಪೂರ್ತಿ ಅಂಕ ಕೊಟ್ಟೆ.

ಇನ್ನು ನನ್ನ ತಯಾರಿಗೆ ಎಐ ಧಾರಾಳವಾಗಿ ಬಳಸುತ್ತೇನೆ. ಪಾಠಯೋಜನೆಯ ಕರಡು, ಘಟಕ ಪರೀಕ್ಷೆಗೆ ನೀಲನಕ್ಷೆ, ಒಂದೇ ಪ್ರಶ್ನೆಯನ್ನು ಮೂರು ಹಂತದ ಕಷ್ಟಕ್ಕೆ ಬರೆಯುವುದು, ಇವೆಲ್ಲ ಚಕಚಕ ಆಗುತ್ತವೆ. ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಶಿಕ್ಷಣ ಫೌಂಡೇಶನ್ ಸೇರಿ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಶಿಕ್ಷಾ ಕೋಪೈಲಟ್ ಅನ್ನುವ ಎಐ ಟೂಲನ್ನು ಪ್ರಯೋಗಿಸಿದ್ದೂ ಪಾಠಯೋಜನೆಗೇ. ನನಗೆ ಹೆಚ್ಚು ಒಗ್ಗಿದ್ದು ಗೂಗಲ್‌ನ ನೋಟ್‌ಬುಕ್‌ಎಲ್‌ಎಂ. ನಾವು ಹಾಕಿದ ಪಾಠವನ್ನು ಇಟ್ಟುಕೊಂಡೇ ಅದು ಉತ್ತರಿಸುತ್ತದೆ, ಯಾವ ಸಾಲಿನಿಂದ ತೆಗೆದದ್ದು ಅಂತಲೂ ತೋರಿಸುತ್ತದೆ. ಒಂದು ಎಚ್ಚರ ಮಾತ್ರ. ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನ ಪಿಡಿಎಫ್ ಹಾಕಿದರೆ ಅಕ್ಷರ ಕಲಸುಮೇಲೋಗರ ಆಗುತ್ತದೆ. ಮೊದಲು ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪಿನಲ್ಲಿ ಪೇಸ್ಟ್ ಮಾಡಿ ನೋಡಿ. ಕನ್ನಡವಾಗಿ ಕಂಡರೆ ಸರಿ. ಇಲ್ಲವಾದರೆ ಬೇಕಾದ ಪುಟವನ್ನು ಫೋಟೋ ತೆಗೆದು ಹಾಕುವುದೇ ವಾಸಿ.

ಹೊರಗಿಟ್ಟಿದ್ದು ಮುಖ್ಯವಾಗಿ ಎರಡು. ಒಂದು, ಮಕ್ಕಳ ಹೆಸರು. ಅಂಕಪಟ್ಟಿಯನ್ನು ಹಾಗೇ ಎಐಗೆ ಹಾಕಿ, ಹಿಂದುಳಿದವರು ಯಾರು ಹೇಳು ಅನ್ನುವುದು ಈಗ ಎಲ್ಲ ಕಡೆ ಶುರುವಾಗಿದೆ. ಆ ಪಟ್ಟಿಯಲ್ಲಿ ಹೆಸರು, ಸ್ಯಾಟ್ಸ್ ಸಂಖ್ಯೆ (ಸರ್ಕಾರದ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ), ಜಾತಿಯ ಕಾಲಂ ಎಲ್ಲ ಇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ ಅದು. ಕಾನೂನಿನ ಮಾತು ಬಿಡಿ, ನನ್ನ ಮಗಳ ಅಂಕಪಟ್ಟಿಯನ್ನು ಯಾರೋ ಹೀಗೆ ಹಾಕಿದರೆ ನಾನು ಸುಮ್ಮನಿರುವುದಿಲ್ಲ. ನಾನು ಹಾಕುವುದು ಕ್ರಮಸಂಖ್ಯೆ ಮತ್ತು ಅಂಕ, ಅಷ್ಟೇ. ಅದೂ ಹಾಜರಿ ಪುಸ್ತಕದ ಕ್ರಮವಲ್ಲ, ಬೇರೆ ಕ್ರಮ.

ಇನ್ನೊಂದು, ಅಂಕ ಕೊಡುವುದು. ಸಹೋದ್ಯೋಗಿ ಮೇಷ್ಟ್ರೊಬ್ಬರು ಕೆಲವು ಉತ್ತರಗಳನ್ನು ಹೆಸರಿಲ್ಲದೆ ಒಂದು ಆ್ಯಪಿಗೆ ಹಾಕಿ ತೋರಿಸಿದರು. "ರಾಯಣ್ಣನ್ನ ನಮ್ಮೋರೆ ಮೋಸ ಮಾಡಿ ಹಿಡ್ಕೊಟ್ರು. ನಂದಗಡದಾಗೆ ನೇಣಾಕಿದ್ರು" ಅಂತ ಬರೆದ ಹುಡುಗನಿಗೆ ಅದು ಕಡಿಮೆ ಅಂಕ ಕೊಟ್ಟು 'ಭಾಷೆ ಸುಧಾರಿಸಬೇಕು' ಅಂದಿತು. ಗೈಡಿನ ಸಾಲುಗಳನ್ನು ಬಾಯಿಪಾಠ ಮಾಡಿ, ಕೇಳಿದ್ದನ್ನು ಬಿಟ್ಟು ಬೇರೇನೋ ಬರೆದವಳಿಗೆ ಹೆಚ್ಚು ಕೊಟ್ಟಿತು. ಆ ಹುಡುಗನಿಗೆ ವಿಷಯ ಗೊತ್ತಿದೆ. ಅವನು ಮನೆಯಲ್ಲಿ ಆಡುವ ಮಾತಿನಲ್ಲಿ ಬರೆದಿದ್ದಾನೆ ಅನ್ನುವುದು ನನಗೆ ಗೊತ್ತು, ಆ್ಯಪಿಗೆ ಗೊತ್ತಿಲ್ಲ.

ಎಐ ಬರೆದದ್ದನ್ನು ಹಿಡಿದುಕೊಡುತ್ತೇವೆ ಅನ್ನುವ ಟೂಲುಗಳನ್ನೂ ಇದೇ ಕಾರಣಕ್ಕೆ ದೂರ ಇಟ್ಟಿದ್ದೇನೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಅಂಥದ್ದೊಂದನ್ನು ಬಿಟ್ಟಿತು. ಅವರೇ ಹೇಳಿದ ಪ್ರಕಾರ ಎಐ ಬರೆದದ್ದರಲ್ಲಿ ಅದು ಸರಿಯಾಗಿ ಗುರುತಿಸಿದ್ದು 26% ಮಾತ್ರ. ಜುಲೈನಲ್ಲಿ ವಾಪಸ್ ತೆಗೆದುಕೊಂಡರು. ಅದೇ ವರ್ಷ ಸ್ಟ್ಯಾನ್‌ಫೋರ್ಡ್‌ನವರು ಇಂಥ ಏಳು ಟೂಲುಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಕೈಯಾರೆ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು, ಸರಾಸರಿ ಲೆಕ್ಕದಲ್ಲಿ, ಅವು ಎಐ ಬರಹ ಅಂದವು. ನಮ್ಮ ಮಕ್ಕಳ ಇಂಗ್ಲಿಷ್ ನೆನಪಿಸಿಕೊಳ್ಳಿ. ಕಷ್ಟಪಟ್ಟು ಬರೆದ ಮಗುವನ್ನು ಕಳ್ಳ ಅನ್ನುವುದಕ್ಕಿಂತ ದೊಡ್ಡ ಅನ್ಯಾಯ ಶಾಲೆಯಲ್ಲಿ ಇನ್ನೇನಿದೆ? ಅನುಮಾನ ಬಂದರೆ ನಾನು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಈ ಸಾಲು ಚೆನ್ನಾಗಿದೆ, ಇದರ ಅರ್ಥ ಹೇಳು" ಅನ್ನುತ್ತೇನೆ. ಎರಡು ನಿಮಿಷದಲ್ಲಿ ಇಬ್ಬರಿಗೂ ಗೊತ್ತಾಗುತ್ತದೆ.

ಪೋಷಕರ ಸಭೆಯಲ್ಲಿ ಒಬ್ಬ ತಾಯಿ, "ಫೋನ್ ಕೊಡ್ಬೇಕಾ ಬ್ಯಾಡ್ವಾ, ಅದನ್ ಹೇಳಿ ಮೇಡಂ" ಅಂದರು. ಯುನೆಸ್ಕೋ 2023ರ ಮಾರ್ಗದರ್ಶಿಯಲ್ಲಿ ಇಂಥ ಟೂಲುಗಳಿಗೆ ಕನಿಷ್ಠ 13 ವರ್ಷ ಆಗಿರಲಿ ಅಂದಿದೆ. ನಮ್ಮ ಎಂಟನೇ ತರಗತಿಯವರು ಸರಿಯಾಗಿ ಆ ಗಡಿಯಲ್ಲೇ ಇದ್ದಾರೆ. ಅದಕ್ಕೇ ಮಕ್ಕಳ ಹೆಸರಲ್ಲಿ ಅಕೌಂಟ್ ಮಾಡಿಸಬೇಡಿ ಅಂದೆ. ಕೇಳುವುದಿದ್ದರೆ ನಿಮ್ಮ ಫೋನಿನಲ್ಲಿ, ನಿಮ್ಮ ಎದುರಿಗೇ ಕೇಳಲಿ. ಮನೆಯವರ ವಿಷಯ, ಫೋಟೋ ಏನನ್ನೂ ಹಾಕುವುದು ಬೇಡ. ಉತ್ತರ ಬಂದ ಮೇಲೆ ಪಠ್ಯಪುಸ್ತಕ ತೆಗೆಸಿ, ಎಲ್ಲಿದೆ ತೋರಿಸು ಅನ್ನಿ. "ನಂಗೆ ಓದಕ್ಕೆ ಬರಲ್ಲ ಮೇಡಂ" ಅಂದರು ಆ ತಾಯಿ. ಪರವಾಗಿಲ್ಲ, ನೀವು ಕೇಳಿ, ನಿಮ್ಮ ಮಗಳೇ ಓದಿ ಹೇಳಲಿ ಅಂದೆ.